ಉಗುರಿನಡಿಯ ಗ್ಲೋಮಸ್ ಗಡ್ಡೆ: ನಂಬಿಕೆ ಗಿಟ್ಟಿಸಿಕೊಳ್ಳದ ನೋವು

ತಣ್ಣೀರು ಸೋಕಿದರೆ ಒಂದೇ ಬೆರಳಿನ ತುದಿ ಜೀವ ಹೋಗುವಂತೆ ನೋಯುತ್ತದೆ. ಬಾವಿಲ್ಲ, ಕೀವಿಲ್ಲ, ಎಕ್ಸ್‌ರೇಯಲ್ಲೂ ಹಲವು ಸಲ ಏನೂ ಕಾಣುವುದಿಲ್ಲ. ಗ್ಲೋಮಸ್ ಗಡ್ಡೆಯಿಂದ ವರ್ಷಗಟ್ಟಲೆ ನರಳಿದವರಲ್ಲಿ ಕೆಲವರಿಗೆ ‘ಇದು ಮಾನಸಿಕ’ ಎಂಬ ಹಣೆಪಟ್ಟಿಯೂ ಅಂಟಿದ್ದುಂಟು.

1812ರಷ್ಟು ಹಿಂದೆಯೇ ಸ್ಕಾಟ್ಲೆಂಡಿನ ಶಸ್ತ್ರವೈದ್ಯ ವಿಲಿಯಂ ವುಡ್ ಚರ್ಮದಡಿಯ ಇಂಥ ನೋವಿನ ಗಂಟುಗಳನ್ನು ದಾಖಲಿಸಿದ್ದರು. ಅವುಗಳ ಮೂಲ ತಿಳಿಯಲು ಮಾತ್ರ ಶತಮಾನವೇ ಹಿಡಿಯಿತು. ಬೆರಳ ತುದಿಗಳಲ್ಲಿ ಸಣ್ಣ ಅಪಧಮನಿಯನ್ನೂ ಅಭಿಧಮನಿಯನ್ನೂ ನೇರವಾಗಿ ಬೆಸೆಯುವ ಗ್ಲೋಮಸ್ ಎಂಬ ಪುಟ್ಟ ರಚನೆಗಳಿವೆ. ಚಳಿ, ಸೆಕೆಗೆ ತಕ್ಕಂತೆ ರಕ್ತದ ಹರಿವನ್ನು ಹೊಂದಿಸುವುದು ಅವುಗಳ ಕೆಲಸ. ಗಡ್ಡೆ ಹುಟ್ಟುವುದು ಇವುಗಳಿಂದಲೇ ಎಂದು 1924ರಲ್ಲಿ ತೋರಿಸಿಕೊಟ್ಟವರು ಫ್ರಾನ್ಸಿನ ರೋಗಶಾಸ್ತ್ರಜ್ಞ ಪಿಯರ್ ಮ್ಯಾಸನ್.

ಪತ್ತೆಯ ಹಾದಿ ಆಮೇಲೆ ಅಚ್ಚರಿಯೆನಿಸುವಷ್ಟು ಸರಳವಾಯಿತು. ಗುಂಡುಸೂಜಿಯ ತಲೆಯಿಂದ ಉಗುರಿನ ಮೇಲೆ ಅಲ್ಲಲ್ಲಿ ಒತ್ತುತ್ತಾ ಹೋದರೆ, ಗಡ್ಡೆ ಇರುವ ಬಿಂದುವಿನಲ್ಲಿ ಮಾತ್ರ ರೋಗಿ ಚೀರಿ ಕೈ ಎಳೆದುಕೊಳ್ಳುತ್ತಾರೆ. 1944ರಲ್ಲಿ ವಿವರಿಸಲಾದ ಇದು ಲವ್ ಎಂಬ ವೈದ್ಯರ ಹೆಸರಿನ ಪರೀಕ್ಷೆ. 1970ರಲ್ಲಿ ಬಂದ ಹಿಲ್‌ಡ್ರೆತ್ ಪರೀಕ್ಷೆಯಲ್ಲಿ ತೋಳಿಗೆ ಪಟ್ಟಿ ಬಿಗಿದು ರಕ್ತದ ಹರಿವನ್ನು ತಡೆಯುತ್ತಾರೆ. ಆಗ ಅದೇ ಬಿಂದುವನ್ನು ಒತ್ತಿದರೂ ನೋವು ಇಳಿದಿರುತ್ತದೆ, ಪಟ್ಟಿ ಸಡಿಲಿಸಿದರೆ ಮರಳುತ್ತದೆ. ಈಗ ಎಂಆರ್‌ಐ ಕೆಲವೇ ಮಿಲಿಮೀಟರಿನ ಗಡ್ಡೆಯನ್ನೂ ತೋರಿಸಬಲ್ಲದು. ಆದರೆ ಎಂಆರ್‌ಐ ಮಾಡಿಸಲು ಮೊದಲು ಯಾರಿಗಾದರೂ ಅನುಮಾನ ಬರಬೇಕಲ್ಲ! ಕೈಯ ಗಡ್ಡೆಗಳಲ್ಲಿ ಇವುಗಳ ಪಾಲು ನೂರಕ್ಕೆ ಒಂದರಿಂದ ಐದು ಮಾತ್ರವಾದ್ದರಿಂದ ಆ ಅನುಮಾನವೇ ತಡವಾಗುತ್ತದೆ. ಮನೋವೈದ್ಯರ ಬಳಿಗೆ ಕಳುಹಿಸುವ ಮುನ್ನ ಒಂದು ಗುಂಡುಸೂಜಿ ಹಿಡಿಯುವುದು ಯಾವ ವೈದ್ಯರಿಗೂ ಕಷ್ಟವಲ್ಲ.

ಚಿಕಿತ್ಸೆ ಶಸ್ತ್ರಕ್ರಿಯೆಯೇ. ಬೆರಳನ್ನು ಮರಗಟ್ಟಿಸಿ, ಉಗುರನ್ನು ಎತ್ತಿ, ಗಡ್ಡೆಯನ್ನು ಇಡಿಯಾಗಿ ತೆಗೆಯುತ್ತಾರೆ. ಗಡ್ಡೆ ಅಂಚಿನಲ್ಲಿದ್ದರೆ ಉಗುರಿನ ಪಕ್ಕದಿಂದಲೂ ತಲುಪಬಹುದು. ಉಗುರು ವಿಕಾರವಾಗಿ ಬೆಳೆಯುವ ಅಪಾಯ ಆಗ ಕಡಿಮೆ. ಚೂರು ಉಳಿದರೂ ನೋವು ಮರುಕಳಿಸಬಹುದು. ಇದು ಕ್ಯಾನ್ಸರ್ ಆಗಿರುವುದು ತೀರಾ ಅಪರೂಪ. ಹಲವು ಬೆರಳುಗಳಲ್ಲಿ ಕಾಣಿಸಿಕೊಂಡರೆ ಮಾತ್ರ ನ್ಯೂರೋಫೈಬ್ರೊಮಟೋಸಿಸ್ ಎಂಬ ಆನುವಂಶಿಕ ಕಾಯಿಲೆ ಇದೆಯೇ ಎಂದೂ ಪರೀಕ್ಷಿಸಬೇಕಾಗುತ್ತದೆ.