ಹಪ್ಪಳದ ಚಾಪೆಯ ಐದು ಮೂಲೆಗಳು

ಮಲೆನಾಡಿನ ಸಾಗರದ ಕಡೆ ಏಪ್ರಿಲ್ ಬಂತೆಂದರೆ ಅಂಗಳದ ತುಂಬ ಹಲಸಿನ ಹಪ್ಪಳ. ಬಲಿತ ಕಾಯಿ ಕೊಯ್ದು, ಕೈಗೆ ಎಣ್ಣೆ ಸವರಿಕೊಂಡು ಸೊಳೆ ಬಿಡಿಸಿ, ಬೇಯಿಸಿ, ಉಪ್ಪು ಮೆಣಸು ಕೊತ್ತಂಬರಿ ಸೇರಿಸಿ ಒರಳಲ್ಲಿ ಕುಟ್ಟಿ, ಒಂದೊಂದೇ ಉಂಡೆಯನ್ನು ಎರಡು ಪ್ಲಾಸ್ಟಿಕ್ ಹಾಳೆಯ ನಡುವೆ ಒತ್ತಬೇಕು. ಆಮೇಲೆ ಚಾಪೆ, ಬಿಸಿಲು, ಕಾಗೆ ಕಾಯುವ ಕೆಲಸ. ನಮ್ಮತ್ತೆಯ ಮನೆಯಲ್ಲಿ ನಾಲ್ಕು ಜನ ಕೂತು ಹಪ್ಪಳದ ಜೊತೆ ಹಲಸಿನ ಚಿಪ್ಸೂ ಮಾಡಿ ಮಾರುತ್ತಾರೆ. "ನೀನು ಲೆಕ್ಕದ ಮೇಷ್ಟ್ರಲ್ಲವಾ, ದಿನಕ್ಕೆ ಹಪ್ಪಳ ಎಷ್ಟು ಮಾಡಣ, ಚಿಪ್ಸ್ ಎಷ್ಟು ಕರಿಯಣ, ಹೇಳು" ಎಂದರು ಅತ್ತೆ. ದ್ವಿತೀಯ ಪಿಯುಸಿಯ ಲೀನಿಯರ್ ಪ್ರೋಗ್ರಾಮಿಂಗ್ ಪಾಠ, ಅಂದರೆ ಇರುವ ಮಿತಿಗಳೊಳಗೇ ಹೆಚ್ಚಿನ ಲಾಭ ಹುಡುಕುವ ಲೆಕ್ಕ, ಹುಟ್ಟಿದ್ದೇ ಇಂಥ ಪ್ರಶ್ನೆಗಳಿಗಾಗಿ.

ಅಂಕಿಗಳನ್ನು ಸ್ವಲ್ಪ ದುಂಡಗೆ ಮಾಡಿಕೊಳ್ಳೋಣ. ದಿನಕ್ಕೆ ಸಿಗುವ ಸೊಳೆ 40 ಕಿಲೋ. ಒಂದು ಕಟ್ಟು ಹಪ್ಪಳಕ್ಕೆ 1 ಕಿಲೋ, ಒಂದು ಪ್ಯಾಕೆಟ್ ಚಿಪ್ಸಿಗೆ 2 ಕಿಲೋ ಬೇಕು. ನಾಲ್ಕು ಜನ ಐದೈದು ಗಂಟೆ ದುಡಿದರೆ 20 ಗಂಟೆ. ಕಟ್ಟಿಗೆ 45 ನಿಮಿಷ, ಪ್ಯಾಕೆಟ್ಟಿಗೆ 30 ನಿಮಿಷ. ಚಾಪೆಯ ಮೇಲೆ 24 ಕಟ್ಟಿಗಿಂತ ಹೆಚ್ಚು ಹರವಲು ಜಾಗವಿಲ್ಲ. ಲಾಭ ಕಟ್ಟಿಗೆ 60 ರೂಪಾಯಿ, ಪ್ಯಾಕೆಟ್ಟಿಗೆ 50.

ಗ್ರಾಫ್ ಹಾಳೆಯಲ್ಲಿ ಹಪ್ಪಳವನ್ನು ಅಡ್ಡಕ್ಕೆ, ಚಿಪ್ಸನ್ನು ಉದ್ದಕ್ಕೆ ಇಡಿ. ಸೊಳೆ, ದುಡಿಮೆ, ಚಾಪೆ ಒಂದೊಂದು ಗೆರೆಯಾಗುತ್ತವೆ. ಪ್ರತಿ ಗೆರೆಯೂ ಹಾಳೆಯನ್ನು ಎರಡು ಪಾಲು ಮಾಡಿ, ಒಂದು ಪಾಲನ್ನು ಮಾತ್ರ ನಮಗೆ ಬಿಡುತ್ತದೆ. ಎಲ್ಲ ಗೆರೆಗಳೂ ಒಪ್ಪಿ ಬಿಟ್ಟುಕೊಟ್ಟ ಜಾಗವೇ ಸಾಧ್ಯ ವಲಯ.

ಅತಿ ಹೆಚ್ಚಿನ ಲಾಭ ಸಿಗುವುದು ಈ ವಲಯದ ಯಾವುದಾದರೂ ಮೂಲೆಯಲ್ಲೇ. ಮಕ್ಕಳು ಎಡವುವುದು ಆ ಮೂಲೆ ಹುಡುಕುವಾಗ. ಎರಡು ಗೆರೆ ಕೂಡಿದಲ್ಲೆಲ್ಲ ಮೂಲೆ ಇದೆ ಎಂದುಕೊಳ್ಳುತ್ತಾರೆ. ಎರಡು ಅಕ್ಷಗಳನ್ನೂ ಸೇರಿಸಿದರೆ ನಮ್ಮಲ್ಲಿ ಐದು ಗೆರೆಗಳಿವೆ. ಅವು ಒಂಬತ್ತು ಕಡೆ ಕೂಡುತ್ತವೆ. ಚಾಪೆಯ ಗೆರೆ ಸೊಳೆಯ ಗೆರೆಗೆ ಕೂಡುವ ಜಾಗ ನೋಡಿ: 24 ಕಟ್ಟು, 8 ಪ್ಯಾಕೆಟ್. ಸೊಳೆ ಸರಿಯಾಗಿ 40 ಕಿಲೋ, ಚಾಪೆ ಭರ್ತಿ. ಆದರೆ ದುಡಿಮೆ? ಹಪ್ಪಳಕ್ಕೇ 18 ಗಂಟೆ, ಚಿಪ್ಸಿಗೆ 4, ಒಟ್ಟು 22. ಎರಡು ಗಂಟೆ ಸಾಲದು. ಹೀಗೆ ಪ್ರತಿ ಕೂಡುಬಿಂದುವನ್ನೂ ಉಳಿದ ಷರತ್ತುಗಳ ಎದುರು ನಿಲ್ಲಿಸಿ ಕೇಳಲೇಬೇಕು. ಒಂಬತ್ತರಲ್ಲಿ ನಾಲ್ಕು ಬಿದ್ದುಹೋಗಿ ಐದು ಉಳಿಯುತ್ತವೆ. ಏನೂ ಮಾಡದ ಸೊನ್ನೆಯ ಮೂಲೆ ಬಿಟ್ಟರೆ, ಹಪ್ಪಳ ಮಾತ್ರ 24 ಮಾಡಿದರೆ 1440 ರೂಪಾಯಿ. 24 ಕಟ್ಟು 4 ಪ್ಯಾಕೆಟ್ಟಿಗೆ 1640. 20 ಕಟ್ಟು 10 ಪ್ಯಾಕೆಟ್ಟಿಗೆ 1700. ಚಿಪ್ಸ್ ಮಾತ್ರ 20 ಆದರೆ 1000.

ಮೂಲೆಗಳನ್ನಷ್ಟೇ ನೋಡಿದರೆ ಯಾಕೆ ಸಾಕು? ವಲಯದ ನಡುವೆ, 10 ಕಟ್ಟು 5 ಪ್ಯಾಕೆಟ್ ಎಂಬಲ್ಲಿ ನಿಂತರೆ ಸೊಳೆಯೂ ಮಿಕ್ಕಿದೆ, ಹೊತ್ತೂ ಮಿಕ್ಕಿದೆ, ಇನ್ನೂ ಮಾಡಬಹುದು. ಮಾಡುತ್ತ ಹೋದರೆ ಯಾವುದೋ ಗೆರೆ ತಡೆಯುತ್ತದೆ. ಆಗ ಆ ಗೆರೆಯನ್ನೇ ಹಿಡಿದು ಲಾಭ ಏರುವ ಕಡೆ ಸರಿಯಬೇಕು. ಗೆರೆಯೂ ನೇರ, ಲಾಭದ ಲೆಕ್ಕವೂ ನೇರ. ಏರುತ್ತಿರುವುದು ನಡುದಾರಿಯಲ್ಲಿ ಇಳಿಯತೊಡಗುವುದಿಲ್ಲ. ಇನ್ನೊಂದು ಗೆರೆ ಅಡ್ಡ ಬರುವವರೆಗೂ ಏರಿಕೆಯೇ. ಅಡ್ಡ ಬಂದಲ್ಲಿ ಮೂಲೆ.

ಕಟ್ಟಿನ ಲಾಭ 60ರ ಬದಲು 75 ಆದರೆ ಚಂದದ ಸಂಗತಿಯೊಂದು ಕಾಣುತ್ತದೆ. ಆಗ 20–10 ಮತ್ತು 24–4, ಎರಡೂ ಮೂಲೆ ಸರಿಯಾಗಿ 2000 ರೂಪಾಯಿ ಕೊಡುತ್ತವೆ. ಅವುಗಳ ನಡುವಿನ ಗೆರೆಯ ಮೇಲೆ 22 ಕಟ್ಟು 7 ಪ್ಯಾಕೆಟ್ ಮಾಡಿದರೂ ಅಷ್ಟೇ. 80ಕ್ಕೆ ಏರಿದರೆ 24–4 ಮುಂದಾಗುತ್ತದೆ.

ಎರಡೇ ಪದಾರ್ಥವಿದ್ದಾಗ ಗ್ರಾಫ್ ಹಾಳೆ ಸಾಕು. 20 ಪದಾರ್ಥ, 30 ಷರತ್ತು ಇದ್ದರೆ? ಶೂನ್ಯಕ್ಕಿಂತ ಕಡಿಮೆ ಆಗಬಾರದೆಂಬ 20 ಗೆರೆಗಳೂ ಸೇರಿ 50. ಎರಡು ಪದಾರ್ಥಕ್ಕೆ ಎರಡು ಗೆರೆ ಕೂಡಿದಂತೆ, ಇಲ್ಲಿ ಒಂದು ಮೂಲೆಗೆ 20 ಗೆರೆ ಕೂಡಬೇಕು. 50ರಲ್ಲಿ 20ನ್ನು ಆರಿಸುವ ಬಗೆಗಳು 47 ಲಕ್ಷ ಕೋಟಿಗೂ ಹೆಚ್ಚು. ಒಂದೊಂದನ್ನೂ ಪರೀಕ್ಷಿಸುವ ಮಾತೇ ಇಲ್ಲ. 1947ರಲ್ಲಿ ಅಮೆರಿಕದ ಜಾರ್ಜ್ ಡ್ಯಾಂಟ್‌ಜಿಗ್ ಸಿಂಪ್ಲೆಕ್ಸ್ ವಿಧಾನ ಕೊಟ್ಟರು: ಒಂದು ಮೂಲೆಯಲ್ಲಿ ನಿಲ್ಲು, ಪಕ್ಕದ ಮೂಲೆ ಮೇಲಾಗಿದ್ದರೆ ಅಲ್ಲಿಗೆ ಹೋಗು, ಯಾವುದೂ ಮೇಲಿಲ್ಲದಾಗ ನಿಲ್ಲು. ವಲಯದ ಅಂಚು ಎಲ್ಲೂ ಒಳಕ್ಕೆ ಬಾಗಿರುವುದಿಲ್ಲವಾದ್ದರಿಂದ, ನೆರೆಯವನ್ನೆಲ್ಲ ಮೀರಿಸಿದ ಮೂಲೆ ಇಡೀ ವಲಯಕ್ಕೇ ಮೇಲು. ನನಗೆ ಗಣಿತದಲ್ಲಿ ಇಷ್ಟು ಇಷ್ಟವಾದ ನಡಿಗೆ ಇನ್ನೊಂದಿಲ್ಲ. ಗ್ವಾಲಿಯರ್‌ನಲ್ಲಿ ಹುಟ್ಟಿದ ನರೇಂದ್ರ ಕರ್ಮಾರ್ಕರ್ 1984ರಲ್ಲಿ ವಲಯದ ಒಳಗಿಂದಲೇ ಸಾಗುವ ಬೇರೆ ದಾರಿ ತೋರಿಸಿದರು; ದೊಡ್ಡ ಲೆಕ್ಕಗಳಲ್ಲಿ ಈಗ ಎರಡೂ ಬಳಕೆಯಲ್ಲಿವೆ.

ಮೇ ಕೊನೆಯಲ್ಲಿ ಒಂದು ದಿನ ಮೋಡ ಕವಿಯಿತು. ಹಪ್ಪಳವನ್ನು ಜಗಲಿಯಲ್ಲಷ್ಟೇ ಹರವಬೇಕಾಯಿತು. ಜಾಗ 12 ಕಟ್ಟಿಗೆ ಮಾತ್ರ. 20–10ರ ಮೂಲೆ ಹಾಳೆಯಿಂದಲೇ ಕಳಚಿಬಿತ್ತು. ಹೊಸ ಮೂಲೆ 12 ಕಟ್ಟು, 14 ಪ್ಯಾಕೆಟ್, ಲಾಭ 1420. ದುಡಿಮೆಯ ಗೆರೆ ಈಗ ವಲಯವನ್ನು ಮುಟ್ಟುವುದೇ ಇಲ್ಲ, ನಾಲ್ಕು ಗಂಟೆ ಮಿಕ್ಕಿವೆ. ಇನ್ನೊಬ್ಬರನ್ನು ಕೆಲಸಕ್ಕೆ ಕರೆದು ಪ್ರಯೋಜನವಿಲ್ಲ. ಅಟ್ಟದ ಮೇಲೆ ಇನ್ನೆರಡು ಕಟ್ಟಿಗೆ ಜಾಗ ಮಾಡಿದರೆ ಮಾತ್ರ 14 ಕಟ್ಟು, 13 ಪ್ಯಾಕೆಟ್, 1490 ರೂಪಾಯಿ. ಇದನ್ನು ಹೇಳಿ ಮುಗಿಸುವಷ್ಟರಲ್ಲಿ ಅತ್ತೆ ಚಾಪೆ ಸುರುಳಿ ಸುತ್ತಿಕೊಂಡು ಅಟ್ಟದ ಏಣಿ ಹತ್ತುತ್ತಿದ್ದರು.