ತೋಟಾ ಸಿಗದ ಕೋವಿ

ಮಲೆನಾಡಿನ ಹಳೆಯ ತಲೆಮಾರಿನವರ ಮಾತಿನಲ್ಲಿ ಕೋವಿಗಳು ಎರಡು ಬಗೆ: ಕೇಪಿನ ಕೋವಿ ಮತ್ತು ತೋಟಾ ಕೋವಿ. ಕೇಪಿನ ಕೋವಿಯ ನಳಿಗೆಗೆ ಬಾಯಿಯಿಂದ ಮದ್ದು ಸುರಿದು, ಚರೆಯನ್ನೋ ಗುಂಡನ್ನೋ ಹಾಕಿ, ಗಜದಿಂದ ಜಡಿದು, ಹಿಂದೆ, ಕುಟ್ಟಿದರೆ ಕಿಡಿ ಹಾರಿಸುವ ಒಂದು ಕೇಪು ಕೂರಿಸಿದರೆ ಮುಗಿಯಿತು. ಮದ್ದು ಒಂದಿಷ್ಟು ಹೆಚ್ಚುಕಡಿಮೆಯಾದರೂ, ಗುಂಡು ತುಸು ಚಿಕ್ಕದಾದರೂ ಅದು ಹೇಗೋ ಸಿಡಿಯುತ್ತದೆ. ತೋಟಾ ಕೋವಿ ಹಾಗಲ್ಲ. ಮದ್ದು, ಗುಂಡು, ಕೇಪು ಮೂರನ್ನೂ ಒಂದೇ ಕೊಳವೆಯಲ್ಲಿ ಕಟ್ಟಿಕೊಟ್ಟ ಕಾರ್ಖಾನೆಗೆ ಅದು ಜೀವಮಾನವಿಡೀ ಋಣಿ. ಉಕ್ಕಿನ ಕೋವಿ ನೂರು ವರ್ಷ ಬಾಳಬಹುದು, ಆದರೆ ಅದರ ಅಳತೆಯ ತೋಟಾ ಮಾಡುವವರು ಕೈಬಿಟ್ಟ ದಿನ ಅದು ಗೋಡೆಯ ಮೇಲಿನ ಅಲಂಕಾರವಾಗುತ್ತದೆ. ಬೇಟೆ ಇಂದಿಗೂ ಕಾನೂನುಬದ್ಧವಾಗಿರುವ ಅಮೆರಿಕದಲ್ಲಿ, ಅಜ್ಜನಿಂದ ಬಂದ ಜಿಂಕೆ ಬೇಟೆಯ ರೈಫಲ್‌ಗೆ ತೋಟಾ ಹುಡುಕುತ್ತ ಊರೂರು ಅಲೆಯುವವರಿಗೆ ಈ ಋಣದ ಭಾರ ಚೆನ್ನಾಗಿ ಗೊತ್ತು.

ಇದಕ್ಕೆ ಸ್ಯಾವೇಜ್ 99 ಎಂಬ ರೈಫಲ್‌ಗಿಂತ ಒಳ್ಳೆಯ ಉದಾಹರಣೆ ನನಗೆ ತೋಚುವುದಿಲ್ಲ. ಜಮೈಕಾದಲ್ಲಿ ಹುಟ್ಟಿದ ಆರ್ಥರ್ ಸ್ಯಾವೇಜ್ ರೂಪಿಸಿದ ಈ ಸನ್ನೆಯ (ಅಂದರೆ ಲಿವರ್ ಎಳೆದು ತೋಟಾ ಏರಿಸುವ) ರೈಫಲ್ 1899ರಲ್ಲಿ ನ್ಯೂಯಾರ್ಕ್ ರಾಜ್ಯದ ಯೂಟಿಕಾದಿಂದ ಹೊರಬಂತು. ಆ ಕಾಲದ ಬಹುಪಾಲು ಸನ್ನೆಯ ರೈಫಲ್‌ಗಳಲ್ಲಿ ತೋಟಾಗಳು ನಳಿಗೆಯ ಕೆಳಗಿನ ಕೊಳವೆಯೊಂದರಲ್ಲಿ ಸಾಲಾಗಿ, ಒಂದರ ಮೂತಿ ಇನ್ನೊಂದರ ಕೇಪಿಗೆ ತಾಗಿ ಮಲಗಿರುತ್ತಿದ್ದವು. ಚೂಪು ಮೂತಿಯ ಗುಂಡು ಹಾಕಿದರೆ ಹಿಂದಿನದು ಮುಂದಿನದರ ಕೇಪನ್ನು ಕುಟ್ಟಿ ಸಿಡಿಸುವ ಅಪಾಯವಿದ್ದುದರಿಂದ ಗುಂಡಿನ ಮೂತಿಯನ್ನು ಮೊಂಡಾಗಿಯೇ ಇಡಬೇಕಿತ್ತು. ಸ್ಯಾವೇಜ್ ಆ ಕೊಳವೆಯನ್ನು ಬಿಟ್ಟು, ತೋಟಾಗಳನ್ನು ಒಂದರ ಪಕ್ಕ ಒಂದು ಸುತ್ತಲೂ ಹಿಡಿದುಕೊಳ್ಳುವ ಹಿತ್ತಾಳೆಯ ರಾಟೆಯೊಂದನ್ನು ರೈಫಲ್‌ನ ಹೊಟ್ಟೆಯೊಳಗೆ ಕೂರಿಸಿದ. ಗಾಳಿಯನ್ನು ಸೀಳುವ ಚೂಪು ಗುಂಡು ಅದರಲ್ಲಿ ನಿರಾತಂಕವಾಗಿ ಕೂರುತ್ತಿತ್ತು. ಎಡಬದಿಯ ಪುಟ್ಟ ಕಿಂಡಿಯಲ್ಲಿ ಒಳಗೆ ಇನ್ನೆಷ್ಟು ತೋಟಾ ಉಳಿದಿವೆ ಎಂಬ ಅಂಕಿಯೂ ಕಾಣುತ್ತಿತ್ತು. 1960ರ ಹೊತ್ತಿಗೆ ಇಂಥ ಹತ್ತು ಲಕ್ಷ ರೈಫಲ್‌ಗಳು ತಯಾರಾಗಿದ್ದವು. ತಯಾರಿಕೆ ನಿಂತದ್ದು 1990ರ ದಶಕದ ಕೊನೆಯಲ್ಲಿ.

ಆ ರಾಟೆಗೆ ಒಂದು ಮಿತಿಯಿತ್ತು: ಉದ್ದನೆಯ ತೋಟಾ ಅದರಲ್ಲಿ ಹಿಡಿಯುತ್ತಿರಲಿಲ್ಲ. ಮೊದಲ ಮಹಾಯುದ್ಧ ಮುಗಿಸಿ ಬಂದ ಅಮೆರಿಕದ ಸೈನಿಕರಿಗೆ ಸೇನೆಯ .30-06 ತೋಟಾದ ಬಿರುಸು ರೂಢಿಯಾಗಿತ್ತು, ಆದರೆ ಅದರ ಹಿತ್ತಾಳೆ ಕೊಳವೆಯೇ 63 ಮಿಲಿಮೀಟರು ಉದ್ದ. ಅದೇ ಬಿರುಸನ್ನು ಗಿಡ್ಡ ಕೊಳವೆಯಿಂದ ತೆಗೆಯಲು ಕಂಪನಿ 1920ರಲ್ಲಿ .300 ಸ್ಯಾವೇಜ್ ಎಂಬ ತೋಟಾವನ್ನು ತಂದಿತು. ಕೊಳವೆಯನ್ನು 47.5 ಮಿಲಿಮೀಟರಿಗೆ ಇಳಿಸಿ, ಆದಷ್ಟು ಮದ್ದು ಹಿಡಿಯಲೆಂದು, ಕೊಳವೆ ಕೊರಳಿನತ್ತ ಕಿರಿದಾಗುವ ಹೆಗಲನ್ನು 30 ಡಿಗ್ರಿಯಷ್ಟು ಕಡಿದಾಗಿಸಿ, ಗುಂಡನ್ನು ಹಿಡಿಯುವ ಕೊರಳನ್ನು ಮೊಟಕು ಮಾಡಿದರು. ಅದನ್ನು ಕೈಯಲ್ಲಿ ಹಿಡಿದು ನೋಡಿದರೆ ಕುತ್ತಿಗೆಯೇ ಇಲ್ಲದ ಕುಸ್ತಿ ಪೈಲ್ವಾನನ ನೆನಪಾಗುತ್ತದೆ; 7.8 ಮಿಲಿಮೀಟರು ದಪ್ಪದ ಗುಂಡನ್ನು ಹಿಡಿಯುವ ಕೊರಳಿನ ಉದ್ದ 5.6 ಮಿಲಿಮೀಟರು ಮಾತ್ರ. ಆದರೂ ಸುಮಾರು 9.7 ಗ್ರಾಂ ತೂಕದ ಗುಂಡನ್ನು ಅದು ಸೆಕೆಂಡಿಗೆ 800 ಮೀಟರಿನ ಆಸುಪಾಸಿನ ವೇಗದಲ್ಲಿ ತಳ್ಳುತ್ತಿತ್ತು, ಬಿಳಿಬಾಲದ ಜಿಂಕೆಗೆ ಅಷ್ಟು ಸಾಕೋ ಸಾಕು.

ಈ ತೋಟಾಕ್ಕೆ ಕುತ್ತು ತಂದದ್ದು ಅದರ ಮಗುವೇ. ಎರಡನೆಯ ಮಹಾಯುದ್ಧದ ನಂತರ ಗಿಡ್ಡ ತೋಟಾವನ್ನು ಹುಡುಕುತ್ತಿದ್ದ ಅಮೆರಿಕದ ಸೇನೆ ತನ್ನ ಪ್ರಯೋಗಗಳನ್ನು .300 ಸ್ಯಾವೇಜ್ ಕೊಳವೆಯಿಂದಲೇ ಶುರುಮಾಡಿತು. ಆ ಪ್ರಯೋಗಗಳ ಫಲ 1952ರಲ್ಲಿ .308 ವಿಂಚೆಸ್ಟರ್ ಎಂಬ ಹೆಸರಿನಲ್ಲಿ ಬೇಟೆಗಾರರ ಮಾರುಕಟ್ಟೆಗೂ, 1954ರಲ್ಲಿ ನ್ಯಾಟೋ ಸೇನೆಗಳ ಕೈಗೂ ಬಂತು. ತಳದ ಅಗಲ ಬಹುತೇಕ ಅದೇ. ಕೊರಳು ಉದ್ದ, ಹೆಗಲು ಓರೆ, ತಡೆದುಕೊಳ್ಳುವ ಒತ್ತಡ ಹೆಚ್ಚು. ಬಾಳೆ ಗೊನೆ ಬಿಟ್ಟು ಒಣಗಿದ ಹಾಗೆ .300 ಸ್ಯಾವೇಜ್ ಅಲ್ಲಿಂದ ಸೊರಗತೊಡಗಿತು. ಕೆಲವೇ ವರ್ಷಗಳಲ್ಲಿ ಸ್ಯಾವೇಜ್ 99 ರೈಫಲ್ ಕೂಡ .308 ಅಳತೆಯಲ್ಲಿ ಬರಲಾರಂಭಿಸಿತು.

ಇಷ್ಟಾದರೂ .300 ಸ್ಯಾವೇಜ್ ಪೂರ್ತಿ ಸತ್ತಿಲ್ಲ ಎಂಬುದೇ ಈ ಕಥೆಯ ಸ್ವಾರಸ್ಯ. ಅದನ್ನು ಮಾಡುವ ಕಂಪನಿಗಳು ಈಗಲೂ ಇವೆ, ಆದರೆ ವರ್ಷವಿಡೀ ಮಾಡುವುದಿಲ್ಲ. ತೋಟಾದ ಕೊಳವೆ ಹುಟ್ಟುವ ಬಗೆಯನ್ನು ಒಮ್ಮೆ ನೋಡಿದರೆ ಕಾರಣ ತಿಳಿಯುತ್ತದೆ. ನೂರಕ್ಕೆ 70 ಪಾಲು ತಾಮ್ರ, 30 ಪಾಲು ಸತು ಇರುವ ಹಿತ್ತಾಳೆಯ ತಗಡಿನಿಂದ ಬಿಲ್ಲೆ ಕತ್ತರಿಸಿ, ಅದನ್ನು ಬಟ್ಟಲಾಗಿ ಒತ್ತಿ, ಒಂದಾದ ಮೇಲೊಂದು ಅಚ್ಚಿನಲ್ಲಿ ನೂಕಿ ನೀಳ ಕೊಳವೆಯಾಗಿ ಎಳೆಯುತ್ತಾರೆ. ಪ್ರತಿ ಎಳೆತಕ್ಕೂ ಹಿತ್ತಾಳೆಯ ಹರಳುಗಳ ಒಳಗಿನ ಪದರಗಳು ಒಂದರ ಮೇಲೊಂದು ಜಾರಿ, ಸಿಕ್ಕಿಹಾಕಿಕೊಂಡು, ಲೋಹ ಗಡುಸಾಗುತ್ತದೆ. ಹಾಗಾಗಿ ನಡುನಡುವೆ ಕಾಯಿಸಿ ಹದಕ್ಕೆ ತರಬೇಕು, ಇಲ್ಲದಿದ್ದರೆ ಮುಂದಿನ ಎಳೆತಕ್ಕೆ ಅದು ಹರಿಯುತ್ತದೆ. ಕೊನೆಗೆ ತಳವನ್ನು ಕುಟ್ಟಿ ಗಡುಸಾಗಿಸಿ, ಹೆಗಲು ಕೊರಳುಗಳನ್ನು ಹಿಸುಕಿ ರೂಪಕ್ಕೆ ತಂದು, ಕೊರಳಿಗಷ್ಟೇ ಬೆಂಕಿ ತೋರಿಸುತ್ತಾರೆ. ಹೊಸ ತೋಟಾದ ಕೊರಳ ಬಳಿ ಕೆಲವೊಮ್ಮೆ ಕಾಣುವ ನೀಲಿ ಛಾಯೆ ಕೊಳೆಯಲ್ಲ, ಅದು ಆ ಬೆಂಕಿಯ ಗುರುತು.

ಈ ಅಚ್ಚುಗಳು, ಅಳತೆಗೋಲುಗಳು, ಒತ್ತಡ ಪರೀಕ್ಷಿಸುವ ನಳಿಗೆ ಎಲ್ಲವೂ ಒಂದೊಂದು ಬಗೆಯ ತೋಟಾಕ್ಕೂ ಬೇರೆ ಬೇರೆ. ಯಂತ್ರ ನಿಲ್ಲಿಸಿ, ಅಚ್ಚು ಬದಲಿಸಿ, ಮತ್ತೆ ಅಳತೆಗೆ ತರುವಷ್ಟು ಕಾಲ ಸರಕು ಬರುವುದಿಲ್ಲ. ಆದ್ದರಿಂದ ಹೆಚ್ಚು ಖರ್ಚಾಗದ ತೋಟಾಗಳನ್ನು ಯಾವಾಗಲೋ ಒಮ್ಮೆ, ಒಂದು ಕಂತಿನಲ್ಲಿ ಮಾಡಿ ಗೋದಾಮು ತುಂಬಿಸಿ ಕೈತೊಳೆದುಕೊಳ್ಳುತ್ತಾರೆ. ಮುಂದಿನ ಕಂತು ಯಾವಾಗ ಎಂಬುದು ಉಳಿದ ತೋಟಾಗಳ ಬೇಡಿಕೆಯ ಮೇಲೆ ನಿಂತಿರುತ್ತದೆ. 2020ರಲ್ಲಿ ಕೋವಿಡ್ ಮತ್ತು ರಾಜಕೀಯ ಗದ್ದಲಗಳ ನಡುವೆ ಅಮೆರಿಕನ್ನರು ಪಿಸ್ತೂಲಿನ ತೋಟಾಗಳಿಗೆ ಮುಗಿಬಿದ್ದಾಗ ಯಂತ್ರಗಳೆಲ್ಲ ಅತ್ತ ತಿರುಗಿದವು. ಅದೇ ವರ್ಷ ರೆಮಿಂಗ್ಟನ್ ಕಂಪನಿ ದಿವಾಳಿಯಾಗಿ ಅದರ ತೋಟಾ ವ್ಯವಹಾರ ಒಬ್ಬರಿಗೆ, ರೈಫಲ್ ವ್ಯವಹಾರಗಳು ಬೇರೆ ಬೇರೆಯವರಿಗೆ ಎಂದು ಹಂಚಿಹೋಯಿತು. ಹಳೆಯ ಜಿಂಕೆ ರೈಫಲ್‌ಗಳ ತೋಟಾಗಳು ಅಂಗಡಿಯ ಕಪಾಟಿನಿಂದ ಸದ್ದಿಲ್ಲದೆ ಕಾಣೆಯಾದವು.

ಜಿಂಕೆ ಬೇಟೆಗಾರ ನಿಜಕ್ಕೂ ಬಹಳ ಕಡಿಮೆ ತೋಟಾ ಸುಡುವವನು ಎಂಬುದನ್ನು ಇಲ್ಲಿ ಮರೆಯಬಾರದು. ಮಿಶಿಗನ್ ರಾಜ್ಯದಲ್ಲಿ ಬಂದೂಕಿನ ಜಿಂಕೆ ಋತು ನವೆಂಬರ್ 15ರಿಂದ 30ರವರೆಗೆ. ಅದಕ್ಕೆ ಮುಂಚೆ ಗುರಿ ಸರಿಯಿದೆಯೇ ಎಂದು ನೋಡಲು ಮೂರು ಈಡು, ಜಿಂಕೆಗೆ ಒಂದು. ಈ ಲೆಕ್ಕದಲ್ಲಿ 20 ತೋಟಾಗಳ ಒಂದು ಪೆಟ್ಟಿಗೆ ಐದು ವರ್ಷ ಬರುತ್ತದೆ. ಇಷ್ಟು ನಿಧಾನದ ಗಿರಾಕಿ ಕಾರ್ಖಾನೆಯ ಕಣ್ಣಿಗೆ ಬೀಳುವುದೇ ಇಲ್ಲ. ತೋಟಾ ಸಿಗುತ್ತಿಲ್ಲ ಎಂಬ ಸುದ್ದಿ ಹಬ್ಬಿತೋ, ಒಂದು ಪೆಟ್ಟಿಗೆ ಬೇಕಾದವನು ಐದು ಕೊಂಡು ಅಟ್ಟದ ಮೇಲಿಡುತ್ತಾನೆ. ನಾಳೆ ಪೆಟ್ರೋಲ್ ಬಂಕ್ ಮುಚ್ಚುತ್ತದಂತೆ ಎಂದು ಕೇಳಿ ನಾವು ಇಂದೇ ಟ್ಯಾಂಕು ತುಂಬಿಸಿ ಬಂಕನ್ನು ಬರಿದು ಮಾಡುವಂತೆ. ಕ್ಯಾಲಿಫೋರ್ನಿಯದಲ್ಲಿ ಇನ್ನೂ ಒಂದು ತೊಡಕಿದೆ. ಸೀಸದ ಚೂರಿರುವ ಮಾಂಸ ತಿಂದು ಕಾಂಡಾರ್ ರಣಹದ್ದುಗಳು ಸಾಯುತ್ತಿದ್ದುದರಿಂದ ಅಲ್ಲಿ 2019ರ ಜುಲೈ 1ರಿಂದ ಬೇಟೆಗೆ ಸೀಸದ ಗುಂಡು ಪೂರ್ತಿ ನಿಷಿದ್ಧ. ಆ ನಿಷೇಧ ನ್ಯಾಯವಾದದ್ದೇ, ಆದರೆ ಹಳೆಯ ಅಳತೆಗಳಲ್ಲಿ ಸೀಸವಿಲ್ಲದ ತೋಟಾ ಇನ್ನಷ್ಟು ಅಪರೂಪ.

ಅಂಗಡಿಯಲ್ಲಿ ಸಿಗದಿದ್ದಾಗ ಜನ ಹಳೆಯ ಸರಕಿನ ಬೆನ್ನು ಹತ್ತುತ್ತಾರೆ: ಬಂದೂಕು ಸಂತೆಗಳು, ತೀರಿಕೊಂಡವರ ಮನೆಸಾಮಾನಿನ ಹರಾಜುಗಳು, ಸಣ್ಣ ಊರಿನ ಹಾರ್ಡ್‌ವೇರ್ ಅಂಗಡಿಯ ಮೂಲೆಗಳು. ಇಲ್ಲಿ ಲೋಹವಿಜ್ಞಾನ ತುಸು ತಿಳಿದಿರುವುದು ಒಳ್ಳೆಯದು, ಮತ್ತು ಅದರ ಒಂದು ಮುಖ್ಯ ಪಾಠ ಹುಟ್ಟಿದ್ದು ನಮ್ಮ ನೆಲದಲ್ಲಿ. ಬ್ರಿಟಿಷರ ಕಾಲದಲ್ಲಿ ಮಳೆಗಾಲ ಬಂದಾಗ ಸೇನೆಯ ಓಡಾಟ ತಗ್ಗುತ್ತಿತ್ತು, ತೋಟಾಗಳನ್ನು ಕುದುರೆ ಲಾಯಗಳಲ್ಲಿ ಇಡುತ್ತಿದ್ದರು. ಮಳೆ ಕಳೆದ ಮೇಲೆ ತೆಗೆದು ನೋಡಿದರೆ ಅನೇಕ ತೋಟಾಗಳು, ಅದರಲ್ಲೂ ಗುಂಡನ್ನು ಬಿಗಿಹಿಡಿದ ಕೊರಳಿನ ಜಾಗದಲ್ಲಿ, ಬಿರುಕು ಬಿಟ್ಟಿರುತ್ತಿದ್ದವು. ಯಾರೂ ಹಾರಿಸಿಲ್ಲ, ಬೀಳಿಸಿಲ್ಲ, ತುಕ್ಕೂ ಹಿಡಿದಿಲ್ಲ. ಮಳೆಗಾಲದ ಈ ಕಾಟಕ್ಕೆ ‘ಸೀಸನ್ ಕ್ರ್ಯಾಕಿಂಗ್’ ಎಂಬ ಹೆಸರು ಬಿತ್ತು. ಮೂರ್, ಬೆಕಿನ್ಸೇಲ್ ಮತ್ತು ಮ್ಯಾಲಿನ್‌ಸನ್ ಎಂಬ ಸಂಶೋಧಕರು 1921ರಲ್ಲಿ ಅದರ ಕಾರಣ ವಿವರಿಸಿದರು. ಕುದುರೆಯ ಮೂತ್ರದಿಂದ ಏಳುವ ಅಮೋನಿಯ, ಒದ್ದೆ ಹವೆಯ ಜೊತೆ ಸೇರಿ, ತಾಮ್ರವನ್ನು ಕರಗಿಸಿಕೊಳ್ಳುತ್ತದೆ. ಅಚ್ಚಿನಲ್ಲಿ ಎಳೆಸಿಕೊಂಡ ಹಿತ್ತಾಳೆಯ ಒಳಗೆ ಆ ಎಳೆತದ ಬಿಗಿ ಹಾಗೆಯೇ ಅಡಗಿ ಉಳಿದಿರುತ್ತದೆ. ಎರಡೂ ಕೂಡಿದಾಗ ಕೂದಲೆಳೆಯ ಬಿರುಕು ಹುಟ್ಟಿ ಬೆಳೆಯುತ್ತದೆ. ಹದವಾಗಿ ಕಾಯಿಸಿ ಆ ಬಿಗಿಯನ್ನು ಸಡಿಲಿಸುವುದೇ ಇದಕ್ಕೆ ಮದ್ದು. ಆದ್ದರಿಂದ ಹಳೆಯ ಪೆಟ್ಟಿಗೆ ಕೊಳ್ಳುವ ಜಾಣ ಪ್ರತಿ ತೋಟಾವನ್ನೂ ಬೆಳಕಿಗೆ ಹಿಡಿದು, ಬೆರಳಲ್ಲಿ ತಿರುಗಿಸುತ್ತ, ಕೊರಳಿನ ಉದ್ದಕ್ಕೂ ಗೆರೆಯೇನಾದರೂ ಇದೆಯೇ ಎಂದು ಹುಡುಕುತ್ತಾನೆ.

ಅವನು ಮೂಗನ್ನೂ ಬಳಸುತ್ತಾನೆ. ಹೊಗೆ ಕಡಿಮೆಯ ಮದ್ದಿನ ಜೀವಾಳ ಹತ್ತಿಯ ನಾರಿನಿಂದ ಮಾಡುವ ನೈಟ್ರೊಸೆಲ್ಯುಲೋಸ್. ಅದು ತಂತಾನೇ ನಿಧಾನವಾಗಿ ಒಡೆಯುತ್ತ ನೈಟ್ರೋಜನ್ ಆಕ್ಸೈಡುಗಳನ್ನು ಬಿಡುತ್ತದೆ. ಅವನ್ನು ಹೀರಿಕೊಳ್ಳಲು ಬೆರೆಸಿದ ಸ್ಥಿರಕಾರಿ ಮುಗಿದ ಮೇಲೆ ಆಮ್ಲ ಸೇರಿ ಕೊಳೆತ ಬೇಗ ಬೇಗ ಸಾಗುತ್ತದೆ. ಮೂಗಿಗೆ ಅಡರುವ ಹುಳಿ ಘಾಟು ಬಂದರೆ ಆ ಪೆಟ್ಟಿಗೆ ಬೇಡ. ಇನ್ನು 1920ರ ದಶಕದ ತೋಟಾಗಳ ಕೇಪಿನಲ್ಲಿ ಪೊಟ್ಯಾಸಿಯಂ ಕ್ಲೋರೇಟ್ ಇರುವುದು ಸಾಮಾನ್ಯ. ಅದು ಉರಿದು ಉಳಿಯುವ ಪೊಟ್ಯಾಸಿಯಂ ಕ್ಲೋರೈಡ್ ನಮ್ಮ ಅಡುಗೆ ಉಪ್ಪಿನ ತಮ್ಮ; ಗಾಳಿಯ ತೇವ ಹೀರಿ ನಳಿಗೆಗೆ ತುಕ್ಕು ಹಿಡಿಸುತ್ತದೆ. ಎಣ್ಣೆಯಿಂದ ಎಷ್ಟು ಉಜ್ಜಿದರೂ ಹೋಗದ ಈ ಉಪ್ಪು ಬಿಸಿನೀರಿಗೆ ಸುಲಭವಾಗಿ ಕರಗುತ್ತದೆ. ಕೋವಿಗೆ ನೀರು ಹಾಕುವುದೇ ಎಂದು ಹೌಹಾರುವವರಿಗೆ ಇದನ್ನು ಒಪ್ಪಿಸುವುದು ಕಷ್ಟ.

ಇನ್ನೊಂದು ದಾರಿಯಲ್ಲಿ ಮಗುವೇ ತಾಯಿಗೆ ನೆರವಾಗುತ್ತದೆ. .308ರ ಖಾಲಿ ಕೊಳವೆಗಳು ಅಮೆರಿಕದಲ್ಲಿ ಧಾರಾಳವಾಗಿ ಸಿಗುತ್ತವೆ, ತಳದ ಅಗಲ ಹೇಗೂ ಒಂದೇ. ಅದನ್ನು .300 ಸ್ಯಾವೇಜ್ ಅಚ್ಚಿನಲ್ಲಿ ಒತ್ತಿ, ಹೆಗಲನ್ನು ಕಡಿದಾಗಿಸಿ, ಉದ್ದುಳಿದ ಕೊರಳನ್ನು ಕತ್ತರಿಸಿದರೆ ಅಳತೆಗೆ ಬರುತ್ತದೆ. ಕೇಳಲು ಸುಲಭ. ಆದರೆ ಹೊಸ ಕೊರಳಿಗೆ ಬಂದು ಸೇರಿದ ಲೋಹ ಮೊದಲು ಹೆಗಲ ಬಳಿ ಇದ್ದ, ದಪ್ಪನೆಯ ಲೋಹ. ಹಾರಿಸುವ ಕ್ಷಣದಲ್ಲಿ ಕೊರಳು ಹಿಗ್ಗಿ ಗುಂಡನ್ನು ಬಿಡಬೇಕು. ನಳಿಗೆಯ ಹಿಂತುದಿಯಲ್ಲಿ ತೋಟಾ ಕೂರುವ ಚೇಂಬರಿನಲ್ಲಿ ಹಿಗ್ಗಲು ಎಡೆಯೇ ಇಲ್ಲದಷ್ಟು ಅದು ದಪ್ಪವಾದರೆ ಒತ್ತಡ ಎಲ್ಲೆ ಮೀರುತ್ತದೆ. ಅಮೆರಿಕದ ತಯಾರಕರು ಒಪ್ಪಿಕೊಂಡ ಮಿತಿ .308ಕ್ಕೆ ಪ್ರತಿ ಚದರ ಇಂಚಿಗೆ 62,000 ಪೌಂಡ್, .300 ಸ್ಯಾವೇಜ್‌ಗೆ 47,000 ಪೌಂಡ್. ಹಾಗಾಗಿ ಕೊರಳಿನ ಗೋಡೆಯನ್ನು ಕೂದಲೆಳೆಯಷ್ಟು ಕೆರೆದು ತೆಳ್ಳಗಾಗಿಸಿ, ಮೈಕ್ರೋಮೀಟರಿನಲ್ಲಿ ಅಳೆದು ನೋಡಬೇಕು. ಇಷ್ಟೆಲ್ಲ ಮಾಡಿದ ಮೇಲೂ ಕೊಳವೆಯ ತಳದಲ್ಲಿ ಕಾರ್ಖಾನೆ ಒತ್ತಿದ ‘308’ ಎಂಬ ಅಚ್ಚು ಅಳಿಯುವುದಿಲ್ಲ. ಮುಂದೊಂದು ದಿನ ಮೊಮ್ಮಗನ ಕೈಗೆ ಸಿಕ್ಕಿದರೆ ಅದು ಹೇಳುವುದು ಸುಳ್ಳು. ಹಣೆಪಟ್ಟಿಯಿಲ್ಲದ ಡಬ್ಬಿಯಲ್ಲಿ ಇಂಥ ತೋಟಾಗಳನ್ನು ತುಂಬಿಡುವವರನ್ನು ಕಂಡರೆ ನನಗೆ ಭಯ.

ಹೀಗೆ ಮಾಡಿಕೊಂಡ ಕೊಳವೆಯನ್ನು ಒಂದೇ ಸಲಕ್ಕೆ ಯಾರೂ ಎಸೆಯುವುದಿಲ್ಲ. ಸಿಡಿದಾಗ ಅದು ಹಿಗ್ಗಿ ಚೇಂಬರಿನ ಗೋಡೆಗೆ ಒತ್ತಿಕೊಂಡು ಬಿಸಿ ಅನಿಲ ಹಿಂದಕ್ಕೆ ನುಗ್ಗದಂತೆ ತಡೆಯುತ್ತದೆ, ಮರುಕ್ಷಣ ತುಸು ಕುಗ್ಗಿ ಸಡಿಲವಾಗುತ್ತದೆ. ಈ ಎರಡೂ ಗುಣ ಹಿತ್ತಾಳೆಯಲ್ಲಿ ಒಟ್ಟಿಗೆ ಇರುವುದರಿಂದಲೇ ಅದನ್ನು ಮತ್ತೆ ತುಂಬಿಸಿ ಬಳಸಬಹುದು. ಪ್ರತಿ ಸಲವೂ ಕೊರಳು ಹಿಗ್ಗಿ, ಅಚ್ಚಿನಲ್ಲಿ ಮತ್ತೆ ಹಿಸುಕಿಸಿಕೊಂಡು, ಗಡುಸಾಗುತ್ತ ಹೋಗುತ್ತದೆ. ನಡುವೆ ಬೆಂಕಿ ತೋರಿಸದಿದ್ದರೆ ಒಂದು ದಿನ ಸೀಳುತ್ತದೆ. ಅದಕ್ಕೇ ಸ್ಯಾವೇಜ್ 99 ಹಿಡಿದವನು ಈಡು ಹಾರಿಸಿ, ಸನ್ನೆ ಎಳೆದು, ಜಿಂಕೆ ಬಿದ್ದದ್ದು ಖಚಿತವಾದ ಮೇಲೆ ಮೊದಲು ಬಗ್ಗುವುದು ತನ್ನ ಬಲಬದಿಯ ಹಿಮದತ್ತ. ಬಿಸಿ ಹಿತ್ತಾಳೆ ಬಿದ್ದಲ್ಲಿ ಹಿಮ ಕರಗಿ ಬೆರಳು ಹಿಡಿಸುವಷ್ಟು ಕುಳಿಯಾಗಿರುತ್ತದೆ, ಅವನು ಅದರೊಳಗಿಂದ ಖಾಲಿ ಕೊಳವೆಯನ್ನು ತೆಗೆದು ಒರೆಸಿ ಜೇಬಿಗೆ ಹಾಕಿಕೊಳ್ಳುತ್ತಾನೆ.