ಸರ್ವಿಸ್ ರೆಡಿ: ಲೆಕ್ಕಕ್ಕುಂಟು, ಆಟಕ್ಕಿಲ್ಲ

ಗ್ರಾಮ ಪಂಚಾಯಿತಿಗಳಿಗೆ ಫೈಬರ್ ಕೇಬಲ್ಲಿನಲ್ಲಿ ಇಂಟರ್‌ನೆಟ್ ಮುಟ್ಟಿಸುವ ಕೇಂದ್ರ ಸರ್ಕಾರದ ಯೋಜನೆ ಭಾರತ್‌ನೆಟ್. ಅದರ ಬಗ್ಗೆ ಸಂಸತ್ತಿನಲ್ಲಿ ಯಾರೇ ಪ್ರಶ್ನೆ ಕೇಳಲಿ, ಉತ್ತರದಲ್ಲಿ ‘ಸರ್ವಿಸ್ ರೆಡಿ’ ಅನ್ನುವ ಪದ ಇದ್ದೇ ಇರುತ್ತದೆ. ಇಷ್ಟು ಲಕ್ಷ ಗ್ರಾಮ ಪಂಚಾಯಿತಿಗಳು ಸರ್ವಿಸ್ ರೆಡಿ ಆಗಿವೆ ಎಂದು ಸಚಿವರು ಹೇಳುತ್ತಾರೆ, ಮರುದಿನ ಪತ್ರಿಕೆಯಲ್ಲಿ ಅದೇ ಅಂಕಿ ‘ಇಷ್ಟು ಪಂಚಾಯಿತಿಗಳಿಗೆ ಇಂಟರ್‌ನೆಟ್’ ಎಂದು ಅಚ್ಚಾಗುತ್ತದೆ. 2024ರ ಕೊನೆಯ ಹೊತ್ತಿಗೆ ಆ ಅಂಕಿ ಸುಮಾರು 2.14 ಲಕ್ಷ. ಈ ಯೋಜನೆಯ ಮೇಲಿನ ಟೀಕೆಗಳು ಹತ್ತಾರು. ಅವುಗಳ ಪೈಕಿ ಹೆಚ್ಚಿನವನ್ನು ಅರ್ಥ ಮಾಡಿಕೊಳ್ಳಲು ಈ ಒಂದು ಪದವನ್ನು ಬಿಡಿಸಿ ನೋಡಿದರೆ ಸಾಕು ಎಂಬುದು ನನ್ನ ನಂಬಿಕೆ.

ಪದದ ಹಿಂದಿರುವ ಕೆಲಸ ಹೀಗಿದೆ. ತಾಲ್ಲೂಕು ಕೇಂದ್ರದ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಓಎಲ್‌ಟಿ ಎಂಬ ಯಂತ್ರ ಇರುತ್ತದೆ. ಅಲ್ಲಿಂದ ನೆಲದಡಿ, ಡೇಟಾವನ್ನು ಬೆಳಕಿನ ರೂಪದಲ್ಲಿ ಒಯ್ಯುವ ಫೈಬರ್ ಕೇಬಲ್ ಹೊರಟು ಪಂಚಾಯಿತಿ ಕಚೇರಿಯ ಗೋಡೆಯಲ್ಲಿರುವ ಸಣ್ಣ ಪೆಟ್ಟಿಗೆಗೆ ಬಂದು ಸೇರುತ್ತದೆ. ಆ ಪೆಟ್ಟಿಗೆಯೊಳಗಿನ ಸಾಧನಕ್ಕೆ ಓಎನ್‌ಟಿ ಅನ್ನುತ್ತಾರೆ. ಕೇಬಲ್ ಹೂತು, ಪೆಟ್ಟಿಗೆ ಕೂರಿಸಿ, ತಾಲ್ಲೂಕಿನಿಂದ ಬಿಟ್ಟ ಬೆಳಕು ಇಲ್ಲಿ ಬಂದು ಮುಟ್ಟಿದೆ ಎಂದು ಪರೀಕ್ಷೆಯಲ್ಲಿ ಕಂಡರೆ ಆ ಪಂಚಾಯಿತಿ ಸರ್ವಿಸ್ ರೆಡಿ. ಅಂದರೆ, ಸೇವೆ ಕೊಡಲು ಬೇಕಾದ ಸಾಮಾನು ಬಂದು ಕೂತಿದೆ ಎಂದಷ್ಟೇ. ಸೇವೆ ನಡೆಯುತ್ತಿದೆ ಎಂದಲ್ಲ, ಯಾರಾದರೂ ಬಳಸುತ್ತಿದ್ದಾರೆ ಎಂದಂತೂ ಅಲ್ಲವೇ ಅಲ್ಲ. ಪರೀಕ್ಷೆ ಮಾಡಿದ ದಿನ ಸರಿಯಿದ್ದ ಲೈನು ಮರುವಾರ ಕಡಿದುಹೋದರೂ ಹಳೆಯ ಎಣಿಕೆಯಿಂದ ಆ ಪಂಚಾಯಿತಿ ಕಳೆದುಹೋಗುವುದಿಲ್ಲ. ಲೆಕ್ಕ ಏರುತ್ತಲೇ ಹೋಗುವುದು ಇದರಿಂದಲೇ.

ಆ ಪೆಟ್ಟಿಗೆಯನ್ನು ಹತ್ತಿರದಿಂದ ನೋಡಬೇಕು. ಮುಂಭಾಗದಲ್ಲಿ ಸಾಲಾಗಿ ನಾಲ್ಕೈದು ಪುಟ್ಟ ದೀಪಗಳು. ‘ಪಾನ್’ ಎಂಬ ದೀಪ ಹಸಿರಾಗಿ ನಿಂತು ಉರಿಯುತ್ತಿದ್ದರೆ ತಾಲ್ಲೂಕಿನ ಜೊತೆ ಸಂಪರ್ಕ ಇದೆ ಎಂದರ್ಥ. ‘ಲಾಸ್’ ಎಂಬ ಕೆಂಪು ದೀಪ ಮಿಣುಕುತ್ತಿದ್ದರೆ ದಾರಿಯಲ್ಲಿ ಎಲ್ಲೋ ಬೆಳಕು ನಿಂತುಹೋಗಿದೆ. ಒಂದು ದೀಪವೂ ಇಲ್ಲದಿದ್ದರೆ ಕರೆಂಟೇ ಇಲ್ಲ, ಅಥವಾ ಬ್ಯಾಟರಿ ಸತ್ತಿದೆ, ಅಥವಾ ಆ ಪ್ಲಗ್ಗಿನಲ್ಲಿ ಯಾರೋ ಮೊಬೈಲ್ ಚಾರ್ಜಿಗೆ ಹಾಕಿದ್ದಾರೆ. ಒಬ್ಬ ಅಜ್ಜಿ ಇ-ಸ್ವತ್ತು ನಕಲಿಗೆ ಬಂದಿದ್ದಾರೆ ಅನ್ನಿ. ಕಂಪ್ಯೂಟರ್ ಮುಂದೆ ಕೂತ ಹುಡುಗ ಎರಡು ಸಲ ಪುಟ ತೆರೆಯಲು ನೋಡುತ್ತಾನೆ, ಆಮೇಲೆ ತನ್ನ ಮೊಬೈಲಿನ ಹಾಟ್‌ಸ್ಪಾಟ್ ಆನ್ ಮಾಡುತ್ತಾನೆ. ಅದೂ ಸಿಗದಿದ್ದರೆ, ‘ಸರ್ವರ್ ಇಲ್ಲ ಅಜ್ಜಿ, ನಾಳೆ ಬನ್ನಿ’. ನಮ್ಮ ಹಳ್ಳಿಗಳಲ್ಲಿ ಈ ‘ಸರ್ವರ್ ಇಲ್ಲ’ ಅನ್ನುವುದು ನಿತ್ಯದ ಮಾತಾಗಿಬಿಟ್ಟಿದೆ. ಹೈದರಾಬಾದಿನಲ್ಲೋ ಬೆಂಗಳೂರಿನಲ್ಲೋ ಇರುವ ಸರ್ವರ್ ಕೆಟ್ಟಿರಲಿ, ಗೋಡೆಯ ಪೆಟ್ಟಿಗೆ ಸತ್ತಿರಲಿ, ರಸ್ತೆ ಬದಿಯಲ್ಲಿ ಕೇಬಲ್ ಕಡಿದಿರಲಿ, ಅಜ್ಜಿಗೆ ಸಿಗುವ ಉತ್ತರ ಒಂದೇ. ದೆಹಲಿಯ ಕಾಗದದಲ್ಲಿ ಮಾತ್ರ ಈ ಕಚೇರಿ ಸರ್ವಿಸ್ ರೆಡಿ.

ಯೋಜನೆ ಶುರುವಾದಾಗ ಆಸೆ ಇಷ್ಟು ಸಣ್ಣದಿರಲಿಲ್ಲ. 2011ರ ಅಕ್ಟೋಬರಿನಲ್ಲಿ ಕೇಂದ್ರ ಸಂಪುಟ ರಾಷ್ಟ್ರೀಯ ಆಪ್ಟಿಕಲ್ ಫೈಬರ್ ಜಾಲಕ್ಕೆ ಒಪ್ಪಿಗೆ ಕೊಟ್ಟಿತು. ಸುಮಾರು 20,000 ಕೋಟಿ ರೂಪಾಯಿ, ಎರಡು ವರ್ಷ, ಎರಡೂವರೆ ಲಕ್ಷ ಪಂಚಾಯಿತಿ, ಒಂದೊಂದಕ್ಕೂ 100 ಎಂಬಿಪಿಎಸ್ ವೇಗ. ರಾಜಸ್ಥಾನದ ಅರಾಯಿಂ, ಆಂಧ್ರದ ಪರವಾಡ, ತ್ರಿಪುರಾದ ಪಾನಿಸಾಗರ ಬ್ಲಾಕ್‌ಗಳಲ್ಲಿ ಮೊದಲ ಪ್ರಯೋಗ ನಡೆಯಿತು. 2015ರಲ್ಲಿ ಹೆಸರು ಬದಲಾಗಿ ಭಾರತ್‌ನೆಟ್ ಆಯಿತು. ಮೊದಲ ಒಂದು ಲಕ್ಷ ಪಂಚಾಯಿತಿಯ ಹಂತ ಮುಗಿಯುವಾಗ 2017ರ ಡಿಸೆಂಬರ್. ಅಷ್ಟರೊಳಗೆ ಒಟ್ಟು ಅಂದಾಜು 42,068 ಕೋಟಿಗೆ ಏರಿತ್ತು. 2021ರಲ್ಲಿ ಕರ್ನಾಟಕವೂ ಸೇರಿ 16 ರಾಜ್ಯಗಳಲ್ಲಿ ಖಾಸಗಿಯವರ ಜೊತೆ ಸೇರಿ ಕಟ್ಟೋಣ ಎಂದು ಸರ್ಕಾರ 19,041 ಕೋಟಿ ನೆರವು ಇಟ್ಟು ಟೆಂಡರ್ ಕರೆಯಿತು, ಬಿಡ್ ಹಾಕಲು ಕಂಪನಿಗಳು ಮುಂದೆ ಬರಲಿಲ್ಲ. 2023ರ ಆಗಸ್ಟಿನಲ್ಲಿ ತಿದ್ದುಪಡಿಯಾದ ಭಾರತ್‌ನೆಟ್‌ಗೆ 1.39 ಲಕ್ಷ ಕೋಟಿ ರೂಪಾಯಿಯ ಮಂಜೂರಾತಿ ಸಿಕ್ಕಿತು.

ಈ ಹಣ ಯಾರದ್ದು ಅನ್ನುವುದನ್ನೂ ಹೇಳಬೇಕು. ಟೆಲಿಕಾಂ ಕಂಪನಿಗಳು ತಮ್ಮ ಆದಾಯದ ಶೇ 5ರಷ್ಟನ್ನು ಸಾರ್ವತ್ರಿಕ ಸೇವಾ ಬಾಧ್ಯತಾ ನಿಧಿಗೆ ಕಟ್ಟುತ್ತವೆ. 2023ರ ದೂರಸಂಪರ್ಕ ಕಾಯ್ದೆಯಿಂದ ಇದರ ಹೆಸರು ಡಿಜಿಟಲ್ ಭಾರತ್ ನಿಧಿ ಎಂದಾಗಿದೆ. ಭಾರತ್‌ನೆಟ್‌ಗೆ ದುಡ್ಡು ಬರುವುದು ಇಲ್ಲಿಂದ. ಕಂಪನಿಗಳು ಆ ಶೇ 5ನ್ನು ವಸೂಲು ಮಾಡಿಕೊಳ್ಳುವುದು ನಮ್ಮ ರೀಚಾರ್ಜಿನಿಂದಲೇ ಅಲ್ಲವೇ? ಸಿಗ್ನಲ್ ಸಿಗಲೆಂದು ಗುಡ್ಡ ಹತ್ತಿ ಮಾತಾಡುವ ಮಲೆನಾಡಿನ ಮನೆಯವರೂ ಇದಕ್ಕೆ ಹಣ ಕೊಟ್ಟಿದ್ದಾರೆ. ಹಾಗಾಗಿ ಪೆಟ್ಟಿಗೆಯ ದೀಪ ಉರಿಯುತ್ತಿದೆಯೇ ಎಂದು ಕೇಳುವ ಹಕ್ಕು ಅವರಿಗೆ ಪೂರ್ತಿ ಇದೆ.

ಇನ್ನು ಟೀಕೆಗಳಿಗೆ ಬರೋಣ. ಎಲ್ಲ ಟೀಕೆಗಳೂ ಒಂದೇ ತೂಕದವಲ್ಲ.

‘ಜಿಯೋ ಬಂದ ಮೇಲೆ ಹಳ್ಳಿಗೆ ಫೈಬರ್ ಯಾಕೆ, ಎಲ್ಲರ ಕೈಯಲ್ಲೂ ಮೊಬೈಲ್ ಇದೆಯಲ್ಲ’ ಅನ್ನುವುದು ಹೆಚ್ಚಾಗಿ ಕೇಳಿಬರುವ ಟೀಕೆ. 2016ರ ನಂತರ ಡೇಟಾ ಅಗ್ಗವಾದದ್ದು ನಿಜ. ಆದರೆ ಈ ವಾದವನ್ನು ನಾನು ಒಪ್ಪುವುದಿಲ್ಲ. ಟವರ್ ಗಾಳಿಯಲ್ಲಿ ನಮ್ಮ ಫೋನಿಗೆ ಕೊಡುವ ಡೇಟಾ ಟವರಿಗೆ ಬಂದು ತಲುಪಲೂ ಒಂದು ದಾರಿ ಬೇಕು, ಅದಕ್ಕೆ ಫೈಬರಿಗಿಂತ ಗಟ್ಟಿಯಾದ ದಾರಿ ಇಲ್ಲ. ಸಂಜೆ ಊರಿನವರೆಲ್ಲ ಒಟ್ಟಿಗೆ ಫೋನ್ ಹಿಡಿದಾಗ ವೇಗ ಕುಸಿಯುವ ಟವರುಗಳಿಗೂ ಪಂಚಾಯಿತಿ ತನಕ ಬಂದ ಫೈಬರ್ ಬೇಕು. ಶಾಲೆ, ಪ್ರಾಥಮಿಕ ಆರೋಗ್ಯ ಕೇಂದ್ರ, ಅಂಚೆ ಕಚೇರಿ, ಅರಿವು ಕೇಂದ್ರ ಇವೆಲ್ಲ ದಿನವಿಡೀ ಒಬ್ಬ ನೌಕರನ ಮೊಬೈಲ್ ಹಾಟ್‌ಸ್ಪಾಟಿನ ಮೇಲೆ ನಡೆಯಬಾರದು. ಲಾಭ ಕಾಣದ ಊರಿಗೆ ಕಂಪನಿಗಳು ತಾವಾಗಿ ಕೇಬಲ್ ಎಳೆಯುವುದೂ ಇಲ್ಲ. ಸರ್ಕಾರ ಕೈಹಾಕಿದ್ದು ಸರಿಯೇ.

ಗಟ್ಟಿಯಾದ ಟೀಕೆ ಜಾಲವನ್ನು ಹೆಣೆದ ರೀತಿಯದ್ದು. ಮೊದಲ ಹಂತದಲ್ಲಿ ಖರ್ಚು ಉಳಿಸಲು ಬಿಎಸ್‌ಎನ್‌ಎಲ್‌ನ ಹಳೆಯ ಫೈಬರ್ ಎಲ್ಲಿಯವರೆಗೆ ಇದೆಯೋ ಅಲ್ಲಿಯವರೆಗೆ ಅದನ್ನೇ ಬಳಸಿ, ಮುಂದಿನ ತುಂಡಿಗೆ ಮಾತ್ರ ಹೊಸ ಕೇಬಲ್ ಹೂತರು. ಜೋಡಣೆ ಮರದ ಕೊಂಬೆಯ ಹಾಗೆ: ಒಂದು ಬುಡ, ಅಲ್ಲಿಂದ ಕವಲು, ಕವಲಿನ ತುದಿಗೆ ಪಂಚಾಯಿತಿ. ಬುಡದ ಹತ್ತಿರ ಒಂದು ಕಡೆ ಕಡಿದರೆ ಆ ಕೊಂಬೆಯ ತುದಿಯ ಪಂಚಾಯಿತಿಗಳೆಲ್ಲ ಒಟ್ಟಿಗೆ ಕತ್ತಲಾಗುತ್ತವೆ. ಕೇಬಲನ್ನು 1.65 ಮೀಟರ್ ಆಳಕ್ಕೆ ಹೂಳಬೇಕೆಂಬ ನಿಯಮವಿದೆ. ಆದರೆ ರಸ್ತೆ ಅಗಲ ಮಾಡುವ ಜೆಸಿಬಿ, ನಲ್ಲಿ ನೀರಿನ ಪೈಪಿಗೆ ಚರಂಡಿ ತೋಡುವ ಜೆಸಿಬಿ, ಚಿಕ್ಕ ಸೇತುವೆಗೆ ಬುನಾದಿ ತೆಗೆಯುವ ಜೆಸಿಬಿ ಇವೆಲ್ಲ ಓಡಾಡುವುದು ಅದೇ ರಸ್ತೆ ಬದಿಯಲ್ಲಿ. ಬಂಡೆ ಸಿಕ್ಕ ಜಾಗದಲ್ಲಿ ಆಳ ಕಮ್ಮಿಯಾಗಿರುತ್ತದೆ, ಮಾರ್ಕಿನ ಕಲ್ಲು ಕಿತ್ತುಹೋಗಿರುತ್ತದೆ. ಬಕೆಟ್ಟಿನ ಹಲ್ಲಿಗೆ ಸಿಕ್ಕಿ ಕಡಿದ ಫೈಬರಿನ ಕೂದಲೆಳೆಯಂಥ ಎಳೆಗಳನ್ನು ಮತ್ತೆ ಜೋಡಿಸಲು ಸ್ಪ್ಲೈಸಿಂಗ್ ಯಂತ್ರ ಬೇಕು, ಅದನ್ನು ನಡೆಸಬಲ್ಲವರು ಬರಬೇಕು. ಅವರು ಬರುವ ತನಕ ಊರು ಕಾಯಬೇಕು. ಕಟ್ಟುವುದಕ್ಕೆ ಗುರಿ ಇತ್ತು, ಗಡುವು ಇತ್ತು. ಕಟ್ಟಿದ ಮೇಲೆ ನೋಡಿಕೊಳ್ಳುವುದಕ್ಕೆ ಅಷ್ಟೇ ಬಿಗಿಯಾದ ಏರ್ಪಾಡು ಇರಲಿಲ್ಲ. ಯಾಕೆಂದರೆ ಎಣಿಸುತ್ತಿದ್ದದ್ದು ಕಟ್ಟಿದ್ದನ್ನು ಮಾತ್ರ.

ಇನ್ನೊಂದು ಟೀಕೆ ಪಂಚಾಯಿತಿ ಗೋಡೆಯಿಂದಾಚೆಗಿನದು. ಫೈಬರ್ ಬಂದು ನಿಲ್ಲುವುದು ಕಚೇರಿಯಲ್ಲಿ. ಅಲ್ಲಿಂದ ಮನೆಗಳಿಗೆ ಎಳೆಯುವವರು ಯಾರು, ತಿಂಗಳ ಬಿಲ್ಲು ವಸೂಲು ಮಾಡುವವರು ಯಾರು, ಕೆಟ್ಟರೆ ರಿಪೇರಿ ಯಾರದ್ದು ಎಂಬುದಕ್ಕೆ ಎಷ್ಟೋ ವರ್ಷ ಉತ್ತರವೇ ಇರಲಿಲ್ಲ. ಲೆಕ್ಕ ಇಟ್ಟು ನೋಡಿ. 2.14 ಲಕ್ಷ ಪಂಚಾಯಿತಿ ಸರ್ವಿಸ್ ರೆಡಿ ಆಗಿದ್ದ ಹೊತ್ತಿನಲ್ಲಿ ಭಾರತ್‌ನೆಟ್ ಮೂಲಕ ಮನೆಗಳಿಗೆ ಹೋಗಿದ್ದ ಫೈಬರ್ ಸಂಪರ್ಕ ಸುಮಾರು 12 ಲಕ್ಷ. ಭಾಗಿಸಿದರೆ ಒಂದು ಪಂಚಾಯಿತಿಗೆ ಸರಾಸರಿ ಆರು ಮನೆ ಸಹ ಬರುವುದಿಲ್ಲ. ನಮ್ಮಲ್ಲಿ ಒಂದು ಪಂಚಾಯಿತಿಗೆ ಎಷ್ಟು ಹಳ್ಳಿ, ಎಷ್ಟು ಕೇರಿ ಸೇರುತ್ತವೆ ಎಂದು ಬಲ್ಲವರಿಗೆ ಆ ಸರಾಸರಿಯ ಅರ್ಥ ತಿಳಿಯುತ್ತದೆ.

ಹೀಗೆ ಎಣಿಸುವುದು ಇಂಟರ್‌ನೆಟ್ಟಿನಿಂದ ಶುರುವಾದದ್ದಲ್ಲ. 2004ರಲ್ಲಿ ‘ವಿದ್ಯುದೀಕೃತ ಗ್ರಾಮ’ಕ್ಕೆ ಕೊಟ್ಟ ವ್ಯಾಖ್ಯೆಯಂತೆ, ಶಾಲೆ, ಪಂಚಾಯಿತಿಯಂಥ ಸಾರ್ವಜನಿಕ ಜಾಗಗಳಿಗೆ ಕರೆಂಟು ಬಂದು ಶೇ 10ರಷ್ಟು ಮನೆಗಳಲ್ಲಿ ದೀಪ ಉರಿದರೆ ಇಡೀ ಊರಿಗೆ ವಿದ್ಯುತ್ ಬಂದ ಹಾಗೆ. 2018ರ ಏಪ್ರಿಲಿನಲ್ಲಿ ಮಣಿಪುರದ ಲೈಸಾಂಗ್‌ಗೆ ತಂತಿ ಮುಟ್ಟಿದಾಗ ದೇಶದ ಹಳ್ಳಿಗಳೆಲ್ಲ ವಿದ್ಯುದೀಕೃತ ಎಂದು ಘೋಷಣೆಯಾಯಿತು. ಕೋಟಿಗಟ್ಟಲೆ ಮನೆಗಳು ಆಗಲೂ ಕತ್ತಲಲ್ಲಿದ್ದವು. ಅವುಗಳಿಗಾಗಿ ಸೌಭಾಗ್ಯ ಎಂಬ ಬೇರೆ ಯೋಜನೆಯೇ ನಡೆಯುತ್ತಿತ್ತು.

ಹೊರದೇಶದಲ್ಲೂ ಈ ಜಗಳ ನಡೆದಿದೆ. ಆಸ್ಟ್ರೇಲಿಯಾ ಸರ್ಕಾರ 2009ರಲ್ಲಿ 43 ಶತಕೋಟಿ ಡಾಲರ್ ಅಂದಾಜಿನ ರಾಷ್ಟ್ರೀಯ ಬ್ರಾಡ್‌ಬ್ಯಾಂಡ್ ಜಾಲ ಘೋಷಿಸಿತು. ಅಲ್ಲಿಯ ದೊಡ್ಡ ಟೀಕೆ ಬೇರೆ: 2013ರಲ್ಲಿ ಸರ್ಕಾರ ಬದಲಾದಾಗ ಮನೆತನಕ ಫೈಬರ್ ಕೊಡುವುದನ್ನು ಕೈಬಿಟ್ಟು, ಬಹಳಷ್ಟು ಕಡೆ ಬೀದಿಯ ಪೆಟ್ಟಿಗೆಯವರೆಗೆ ಫೈಬರ್, ಮುಂದೆ ಹಳೆಯ ತಾಮ್ರದ ತಂತಿ ಎಂದು ಮಾಡಿದರು. ಅದೇ ತಾಮ್ರವನ್ನು ತೆಗೆದು ಫೈಬರ್ ಹಾಕಲು ಈಗ ಮತ್ತೆ ಹಣ ಸುರಿಯುತ್ತಿದ್ದಾರೆ. ಆದರೂ ಎಣಿಕೆಯ ವಿಚಾರದಲ್ಲಿ ಅವರಿಂದ ಕಲಿಯುವುದಿದೆ. ‘ಸಂಪರ್ಕಕ್ಕೆ ಸಿದ್ಧವಾದ ಮನೆಗಳು’ ಮತ್ತು ‘ಸಂಪರ್ಕ ಚಾಲೂ ಆದ ಮನೆಗಳು’ ಎಂದು ಎರಡು ಅಂಕಿಗಳನ್ನು ಪಕ್ಕಪಕ್ಕದಲ್ಲಿ ವಾರವಾರ ಪ್ರಕಟಿಸುತ್ತಿದ್ದರು. ಬಡಾವಣೆ ಸಿದ್ಧ ಎಂದು ಘೋಷಿಸಿದ ಮೇಲೂ ಸಂಪರ್ಕ ಕೊಡಲಾಗದ ಮನೆಗಳಿಗೆ ‘ಸರ್ವಿಸ್ ಕ್ಲಾಸ್ ಝೀರೊ’ ಎಂಬ ಪ್ರತ್ಯೇಕ ಗುರುತೇ ಇತ್ತು. ತಮ್ಮ ವಿಳಾಸ ಯಾವ ವರ್ಗದಲ್ಲಿದೆ ಎಂದು ತಿಳಿದ ಜನ ಸಚಿವರನ್ನು ನಿಲ್ಲಿಸಿ ಕೇಳಿದರು. ಕೊರತೆಗೆ ಹೆಸರು ಇದ್ದುದರಿಂದ ಜಗಳವಾಡಲು ಅವರಿಗೆ ಒಂದು ಹಿಡಿ ಸಿಕ್ಕಿತು.

ನಮ್ಮ ತಿದ್ದುಪಡಿ ಯೋಜನೆ ಹಳೆಯ ತಪ್ಪುಗಳಲ್ಲಿ ಕೆಲವನ್ನು ಒಪ್ಪಿಕೊಂಡಿದೆ. ಕೊಂಬೆಯ ಬದಲು ಉಂಗುರದ ಜೋಡಣೆ ಬರುತ್ತದೆ: ಒಂದು ಕಡೆ ಕಡಿದರೆ ಸಂಕೇತ ಇನ್ನೊಂದು ಕಡೆಯಿಂದ ಸುತ್ತಿ ಬರುತ್ತದೆ. ಕಟ್ಟಿದವರೇ 10 ವರ್ಷ ನೋಡಿಕೊಳ್ಳಬೇಕು. ಊರಿನ ಉದ್ಯಮಿಗಳಿಗೆ ಆದಾಯದಲ್ಲಿ ಪಾಲು ಕೊಟ್ಟು ಮನೆಮನೆಗೆ ಫೈಬರ್ ಎಳೆಸುವ ಏರ್ಪಾಡಿದೆ, ಐದು ವರ್ಷದಲ್ಲಿ 1.5 ಕೋಟಿ ಗ್ರಾಮೀಣ ಮನೆಗಳ ಗುರಿಯಿದೆ. ಗುರಿಯನ್ನು ಮನೆಗಳ ಲೆಕ್ಕದಲ್ಲಿ ಬರೆದಿರುವುದೇ ನನಗೆ ಇದರಲ್ಲಿ ಹೆಚ್ಚು ಸಮಾಧಾನ ತಂದ ಸಂಗತಿ.

ಕರ್ನಾಟಕದಲ್ಲಿ ಸುಮಾರು 6,000 ಗ್ರಾಮ ಪಂಚಾಯಿತಿಗಳಿವೆ. ಮುಂದಿನ ಗ್ರಾಮಸಭೆಯಲ್ಲಿ ಪಿಡಿಒ ಅವರನ್ನು ‘ನಮ್ಮದು ಸರ್ವಿಸ್ ರೆಡಿಯಾ ಸಾರ್’ ಎಂದು ಕೇಳಬೇಡಿ, ಹೌದು ಎಂಬ ಉತ್ತರವೇ ಬರುತ್ತದೆ. ಕಳೆದ ತಿಂಗಳು ಆ ಹಸಿರು ದೀಪ ಎಷ್ಟು ದಿನ ಉರಿದಿತ್ತು, ಎಷ್ಟು ಮನೆಗೆ ಲೈನು ಹೋಗಿದೆ, ಕೊನೆಯ ಸಲ ಕಡಿದಾಗ ಸರಿಮಾಡಲು ಎಷ್ಟು ದಿನ ಬೇಕಾಯಿತು ಎಂದು ಕೇಳಿ, ಉತ್ತರವನ್ನು ನಡಾವಳಿಯಲ್ಲಿ ಬರೆಸಿ.